ಲಿಪಿಶಾಸ್ತ್ರ ವಿಭಾಗದ ಹೆಬ್ಬೆಟ್ಟುಗಳು

ವಿಶ್ವವಿದ್ಯಾಲಯದ ಆಡಳಿತ ಕಚೇರಿ
ಪೂರಕ ಬೋಧನಾ ಸಾಧನಗಳ ಶಾಖೆ
(ಮೊದಲ ಮಹಡಿ, ಸೀಮೆಸುಣ್ಣದ ಉಗ್ರಾಣದ ಪಕ್ಕ)

ಸಂಖ್ಯೆ: ಆಕ/ಪೂಬೋಸಾ/ಸಾಜಾ/ಹೆಬ್ಬೆಟ್ಟು/3
(ಇದೇ ಸರಣಿಯ ಒಂದನೆಯ ಮತ್ತು ಎರಡನೆಯ ಪತ್ರಗಳು ಓದಲ್ಪಡದೆ ವಾಪಸು ಬಂದಿರುತ್ತವೆ.)

ಸುತ್ತೋಲೆ

ವಿಷಯ: ಸಾಮಾಜಿಕ ಜಾಲತಾಣವನ್ನು ಪೂರಕ ಬೋಧನಾ ಸಾಧನವಾಗಿ ಬಳಸುವ ಸಂದರ್ಭದಲ್ಲಿ ಹೆಬ್ಬೆಟ್ಟಿನ ಚಿತ್ರವನ್ನು ಒತ್ತುವ, ಒತ್ತದಿರುವ ಹಾಗೂ ಒತ್ತಿದ ಮೇಲೆ ಪಶ್ಚಾತ್ತಾಪಪಡುವ ಬಗ್ಗೆ.

ಉಲ್ಲೇಖ:
1. ಪಾಠಕ್ಕೆ ಮೊಬೈಲನ್ನು ಯಾವ ಕಾರಣಕ್ಕೂ ಬಳಸಕೂಡದೆಂಬ ಈ ಕಚೇರಿಯ ಸುತ್ತೋಲೆ.
2. ಪಾಠಕ್ಕೆ ಮೊಬೈಲನ್ನು ಕಡ್ಡಾಯವಾಗಿ ಬಳಸಬೇಕೆಂಬ ಈ ಕಚೇರಿಯ ಮರುದಿನದ ಸುತ್ತೋಲೆ.
3. ಲಿಪಿಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕರು ಬೀರುವಿನ ಬೀಗದ ಕೈ ಹಾಗೂ ಭೂತಗನ್ನಡಿಯ ಜೊತೆಗೆ ಈ ಕಚೇರಿಯ ಮೇಜಿನ ಮೇಲೆ ಇಟ್ಟುಹೋದ ಚೀಟಿ.
4. ಸದರಿಯವರ ಮನೆಗೆ ಹೋಗಿ, ಚಹಾ ಕುಡಿದು, ಬರಿಗೈಯಲ್ಲಿ ಬಂದ ಮೂವರ ಸಮಿತಿಯ ವರದಿ.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಬೋಧಕ, ಬೋಧಕೇತರ ಹಾಗೂ ಬೋಧನೆಗೆ ಒಳಗಾಗುವ ವರ್ಗದವರ ಗಮನಕ್ಕೆ ತರಲಾಗುವುದೇನೆಂದರೆ, ಲಿಪಿಶಾಸ್ತ್ರ ವಿಭಾಗವು ಹಳೆಯ ಕಲ್ಲು, ತಾಮ್ರದ ಹಾಳೆ ಮತ್ತು ಹುಳ ತಿಂದ ಕಾಗದಗಳ ಮೇಲಿರುವ ಅಕ್ಷರಗಳನ್ನು ಓದಲು ಕಲಿಸುವ ವಿಭಾಗವಾಗಿರುತ್ತದೆ. ಉಲ್ಲೇಖ (2)ರ ಸುತ್ತೋಲೆಯನ್ನು ಇಡೀ ವಿಶ್ವವಿದ್ಯಾಲಯದಲ್ಲಿ ನಿಜವಾಗಿ ಪಾಲಿಸಿದ್ದು ಈ ವಿಭಾಗ ಮಾತ್ರ. ಉಳಿದ ವಿಭಾಗಗಳು 'ಪಾಲಿಸಲಾಗಿದೆ' ಎಂದು ವರದಿ ಕಳುಹಿಸಿ ಎಂದಿನಂತೆ ಕೈ ತೊಳೆದುಕೊಂಡಿರುತ್ತವೆ. ಆ ವರದಿಗಳನ್ನು ಈ ಕಚೇರಿಯೂ ಎಂದಿನಂತೆ ನಂಬಿರುತ್ತದೆ.

ಸದರಿ ವಿಭಾಗದ ಸಹಾಯಕ ಪ್ರಾಧ್ಯಾಪಕಿಯವರು (ಇನ್ನು ಮುಂದೆ 'ಚಿಕ್ಕ ಮೇಡಂ' ಎಂದು ಕರೆಯಲ್ಪಡುವರು) ಮೊಬೈಲಿನಲ್ಲಿ ತರಗತಿಯ ಗುಂಪೊಂದನ್ನು ರಚಿಸಿ, ಅದಕ್ಕೆ ಹಿರಿಯ ಪ್ರಾಧ್ಯಾಪಕರನ್ನು (ಇನ್ನು ಮುಂದೆ 'ದೊಡ್ಡ ಮೇಷ್ಟ್ರು' ಎಂದು ಕರೆಯಲ್ಪಡುವರು, ಹಿಂದೆಯೂ ಹಾಗೆಯೇ ಕರೆಯಲ್ಪಟ್ಟಿರುತ್ತಾರೆ) ಸೇರಿಸಿರುತ್ತಾರೆ. ಮೊದಲು ಒಲ್ಲೆನೆಂದ ದೊಡ್ಡ ಮೇಷ್ಟ್ರು ಆಮೇಲೆ ಬಿಡೆನೆಂದರು. ದಿನಕ್ಕೊಂದು ಹಳೆಯ ಅಕ್ಷರದ ಫೋಟೋ ಹಾಕುವುದು, 'ಇದೇನು ಓದಿ' ಎಂದು ಕೇಳುವುದು, ಯಾರೂ ಓದದಿದ್ದರೆ ತಾವೇ ಓದಿ ಸಂತೋಷಪಡುವುದು ನಡೆಯಿತು. ವಿದ್ಯಾರ್ಥಿಗಳು ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ಅಕ್ಷರದ ಮೂಗು ಬಾಲಗಳನ್ನೆಲ್ಲ ನೋಡಿದರು. ಕೊನೆಯ ಬೆಂಚಿನವರಿಗೂ ಅಕ್ಷರ ಕಂಡಿದ್ದು ಸದರಿ ವಿಭಾಗದ ಚರಿತ್ರೆಯಲ್ಲಿ ಇದೇ ಮೊದಲು. ಪೂರಕ ಸಾಧನವು ಕೆಲಸ ಮಾಡಿದೆ ಎಂಬುದನ್ನು ಈ ಕಚೇರಿಯು ಅನಿವಾರ್ಯವಾಗಿ ಒಪ್ಪಿಕೊಳ್ಳುತ್ತದೆ.

ಹೀಗಿರುವಾಗ, ಈ ತಿಂಗಳ ಕೊನೆಗೆ ನಿವೃತ್ತರಾಗಲಿರುವ ದೊಡ್ಡ ಮೇಷ್ಟ್ರು ಕಳೆದ ವಾರ ಗುಂಪಿನಲ್ಲಿ ಈ ಕೆಳಕಂಡ ಸಂದೇಶವನ್ನು ಹಾಕಿರುತ್ತಾರೆ. ಇದನ್ನು ಅವರು ಒಂದೇ ಬೆರಳಿನಲ್ಲಿ, ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಕುಳಿತು ಬರೆದರೆಂದು ಅವರ ಶ್ರೀಮತಿಯವರು ಸಮಿತಿಗೆ ತಿಳಿಸಿರುತ್ತಾರೆ:

"ಮಕ್ಕಳೇ, ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಇನ್ನೊಂದೇ ಪಾಠ ಬಾಕಿ. ಇಷ್ಟು ವರ್ಷ ಅಕ್ಷರಗಳ ಜೊತೆ, ನಿಮ್ಮಂಥವರ ಜೊತೆ ಕಳೆದೆ. ಬಿಟ್ಟು ಹೋಗುವುದಕ್ಕೆ ಸಂಕಟವಾಗುತ್ತದೆ. ನಿಮಗೆ ಏನನ್ನಿಸುತ್ತದೆ, ಎರಡು ಮಾತು ಬರೆಯಿರಿ."

ಸದರಿ ಸಂದೇಶಕ್ಕೆ ಪ್ರತಿಯಾಗಿ ಒಂದೇ ಒಂದು ಅಕ್ಷರವೂ ಬರಲಿಲ್ಲ. ಮೊದಲಿಗೆ ಒಂದು ಹೆಬ್ಬೆಟ್ಟು ಬಂತು. ಅದರ ಹಿಂದೆ ಇನ್ನೊಂದು. ಮುಂದಿನ ಕುರಿ ಹಳ್ಳಕ್ಕೆ ಬಿದ್ದಂತೆ ಹಿಂದಿನವೂ ಬಿದ್ದು, ಸಂಜೆಯ ಹೊತ್ತಿಗೆ ಇಡೀ ತರಗತಿ ಹೆಬ್ಬೆಟ್ಟು ಒತ್ತಿ ಮುಗಿಸಿತ್ತು. ಗುಂಪಿನಲ್ಲಿ ಮೇಲ್ವಿಚಾರಣೆಗೆಂದು ಇರುವ ಕುಲಪತಿಗಳ ಕಚೇರಿಯಿಂದ ಎರಡು ಹೆಬ್ಬೆಟ್ಟುಗಳು ಬಂದಿದ್ದು, ಎರಡನೆಯದು ಮೊದಲನೆಯದನ್ನು ದೃಢೀಕರಿಸಲಿಕ್ಕಾಗಿ ಎಂದು ವಿವರಣೆ ನೀಡಲಾಗಿದೆ.

ಮರುದಿನ ಬೆಳಗ್ಗೆ ಬೀಗದ ಕೈ, ಭೂತಗನ್ನಡಿ ಮತ್ತು ಚೀಟಿ ಈ ಕಚೇರಿಯ ಮೇಜಿನ ಮೇಲಿದ್ದವು. ಚೀಟಿಯಲ್ಲಿ ಹೀಗಿತ್ತು: "ಇಷ್ಟು ವರ್ಷ ಅಕ್ಷರ ಕಲಿಸಿದೆ ಅಂದುಕೊಂಡಿದ್ದೆ. ಕೊನೆಗೆ ನೋಡಿದರೆ ಎಲ್ಲರನ್ನೂ ಹೆಬ್ಬೆಟ್ಟು ಮಾಡಿ ಬಿಟ್ಟಿದ್ದೇನೆ. ಇನ್ನು ಮೇಲೆ ನಾನೂ ಹೆಬ್ಬೆಟ್ಟೇ. ಓದುವುದು ಬರೆಯುವುದು ನಿಲ್ಲಿಸಿದ್ದೇನೆ."

ಓದು ಬರಹ ಬಾರದವರನ್ನು ಹೆಬ್ಬೆಟ್ಟು ಎನ್ನುವುದು ನಮ್ಮ ಮಾತಿನ ರೂಢಿ ಎಂಬುದು ಎಲ್ಲರಿಗೂ ತಿಳಿದದ್ದೇ. ಆ ರೂಢಿ ಮೊಬೈಲು ತಯಾರಿಸಿದವರಿಗೆ ತಿಳಿದಿಲ್ಲ, ಒತ್ತಿದವರಿಗೆ ನೆನಪಾಗಲಿಲ್ಲ, ದೊಡ್ಡ ಮೇಷ್ಟ್ರಿಗೆ ಮರೆತಿರಲಿಲ್ಲ. ಅಷ್ಟೇ ನಡೆದದ್ದು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವಾಗ, ಹೆಬ್ಬೆಟ್ಟಿಗೆ ಹೋದ ಮಾನದ ಬಗ್ಗೆ ಈ ಕಚೇರಿಯು ಏನು ಕೊಡಬಹುದೆಂದು ಯೋಚಿಸಿ, ತನ್ನ ಬಳಿ ಇರುವುದು ಸುತ್ತೋಲೆ ಮಾತ್ರ ಎಂಬ ತೀರ್ಮಾನಕ್ಕೆ ಬಂದಿರುತ್ತದೆ.

ಬಾಕಿ ಉಳಿದಿರುವ ಪಾಠವು ಪಠ್ಯಕ್ರಮದ ಕೊನೆಯ ಘಟಕವಾಗಿದ್ದು, ಅದನ್ನು ಹೇಳಬಲ್ಲವರು ಅವರೊಬ್ಬರೇ. ತಿಂಗಳು ಮುಗಿಯಲು ಹೆಚ್ಚು ದಿನಗಳಿಲ್ಲ. ಅಂಥವರು ಕೊನೆಯ ಪಾಠ ಹೇಳದೆ, ಮುನಿಸಿಕೊಂಡು, ಮನೆಯ ಕುರ್ಚಿಯಿಂದಲೇ ನಿವೃತ್ತರಾಗುವುದು ಅಧೋಸಹಿ ಮಾಡಿರುವವರಿಗೆ ಸ್ವಲ್ಪವೂ ಇಷ್ಟವಿರುವುದಿಲ್ಲ. ಈ ಇಷ್ಟಾನಿಷ್ಟಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲದ ಕಾರಣ ಹೊಸದಾಗಿ ಈ ಕೆಳಕಂಡ ನಿಯಮಗಳನ್ನು ರೂಪಿಸಿ ಹೊರಡಿಸಲಾಗಿದೆ.

ನಿಯಮಗಳು:

1. ವಿಶ್ವವಿದ್ಯಾಲಯದ ಆವರಣದಲ್ಲಿ ಗುಂಪು ಕಟ್ಟುವುದು, ಗುಂಪಿಗೆ ಸೇರುವುದು ಹಾಗೂ ಗುಂಪುಗಾರಿಕೆ ಮಾಡುವುದನ್ನು ಸೇವಾ ನಿಯಮಗಳು ಮೊದಲಿನಿಂದಲೂ ನಿಷೇಧಿಸಿರುತ್ತವೆ. ಆದ್ದರಿಂದ ಬೋಧನೆಗಾಗಿ ಮೊಬೈಲಿನಲ್ಲಿ ರಚಿಸಲಾಗುವ ಗುಂಪನ್ನು ಇನ್ನು ಮುಂದೆ ಗುಂಪು ಎನ್ನತಕ್ಕದ್ದಲ್ಲ. 'ಚದುರಿದವರ ಪಟ್ಟಿ' ಎನ್ನತಕ್ಕದ್ದು. ಪಟ್ಟಿಯ ಮುಖ್ಯಸ್ಥರನ್ನು ನಾಯಕರೆಂದು ಕರೆದರೆ ಪ್ರತ್ಯೇಕ ವಿಚಾರಣೆ ನಡೆಸಲಾಗುವುದು.

2. ಹೆಬ್ಬೆಟ್ಟು ಎಂದರೆ, ಸಂದೇಶವೊಂದರ ಕೆಳಗೆ ಒತ್ತಲಾಗುವ, ಮೇಲ್ಮುಖವಾಗಿ ನಿಂತಿರುವ ಒಂದು ಬೆರಳು ಹಾಗೂ ಮಡಚಿಕೊಂಡಿರುವ ನಾಲ್ಕು ಬೆರಳುಗಳ ಚಿತ್ರ. ಕೆಳಮುಖವಾಗಿರುವ ಹೆಬ್ಬೆಟ್ಟು ಬಳಕೆಯಲ್ಲಿದೆಯೆಂದು ಕೇಳಲಾಗಿದ್ದು, ಅದನ್ನು ಮೇಲಧಿಕಾರಿಗಳ ಸಂದೇಶಗಳಿಗೆ ಬಳಸುವ ವಿಧಾನದ ಬಗ್ಗೆ ಪ್ರತ್ಯೇಕ ಸುತ್ತೋಲೆಯನ್ನು ಹೊರಡಿಸಲಾಗುವುದಿಲ್ಲ.

3. ಸದರಿ ಚಿತ್ರದಲ್ಲಿರುವುದು ಎಡಗೈ ಹೆಬ್ಬೆಟ್ಟೋ ಬಲಗೈ ಹೆಬ್ಬೆಟ್ಟೋ ಎಂಬ ಪ್ರಶ್ನೆ ಉದ್ಭವಿಸಿರುತ್ತದೆ. ಅಭಿಪ್ರಾಯಕ್ಕಾಗಿ ಅಂಗರಚನಾಶಾಸ್ತ್ರ ವಿಭಾಗಕ್ಕೆ ಕಡತವನ್ನು ಕಳುಹಿಸಲಾಗಿ, ಅಂಗೈ ನಮ್ಮ ಕಡೆಗಿದ್ದರೆ ಒಂದು, ಹಿಂಗೈ ನಮ್ಮ ಕಡೆಗಿದ್ದರೆ ಇನ್ನೊಂದು ಎಂದು ಅವರು ಉತ್ತರಿಸಿದ್ದಾರೆ. ಯಾವುದು ಯಾವುದೆಂದು ಕೇಳಲಾಗಿ, ತಮ್ಮ ಸ್ವಂತ ಕೈಗಳನ್ನು ನೋಡಿಕೊಳ್ಳುತ್ತಾ ವಿಭಾಗದವರೆಲ್ಲ ಎರಡು ಬಣಗಳಾಗಿ ಒಡೆದಿದ್ದಾರೆ. ಅಲ್ಲಿ ಈಗ ನಿಯಮ 1ರ ಅರ್ಥದ ಗುಂಪುಗಾರಿಕೆ ನಡೆಯುತ್ತಿದೆ. ಮುಂದಿನ ಆದೇಶದವರೆಗೆ ಎರಡೂ ಕೈಗಳ ಹೆಬ್ಬೆಟ್ಟುಗಳನ್ನು ತಡೆಹಿಡಿಯಲಾಗಿದೆ.

4. ಮೊಬೈಲಿನ ಹೆಬ್ಬೆಟ್ಟು ಹಳದಿ ಬಣ್ಣದಲ್ಲಿರುವುದು ಕಂಡುಬಂದಿದೆ. ಒತ್ತಿದವರೆಲ್ಲರೂ ಆರೋಗ್ಯ ಕೇಂದ್ರಕ್ಕೆ ತೆರಳಿ ಕಾಮಾಲೆ ಇಲ್ಲವೆಂಬ ಪ್ರಮಾಣಪತ್ರವನ್ನು ಪಡೆದು ಸಲ್ಲಿಸುವುದು.

5. ಅನಿವಾರ್ಯ ಸಂದರ್ಭದಲ್ಲಿ, ಅಂದರೆ ಅಕ್ಷರಗಳೆಲ್ಲ ಮರೆತುಹೋದಾಗ ಅಥವಾ ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದಿರುವಾಗ, ಹೆಬ್ಬೆಟ್ಟು ಒತ್ತಲೇಬೇಕಾಗಿ ಬಂದಲ್ಲಿ, ಕಾಗದಪತ್ರಗಳ ಹಳೆಯ ಪದ್ಧತಿಯನ್ನೇ ಅನುಸರಿಸತಕ್ಕದ್ದು. ಎಂದರೆ, ಓದು ಬರಹ ಬಲ್ಲ ಒಬ್ಬ ಸಾಕ್ಷಿಯು ಹೆಬ್ಬೆಟ್ಟಿನ ಕೆಳಗೆ ತಮ್ಮ ಕೈಯಾರೆ ಹೀಗೆ ಬರೆದು ಸಹಿ ಮಾಡುವುದು: 'ಓದಿ ಹೇಳಿದ್ದೇನೆ. ಅರ್ಥವಾಗಿದೆ. ನನ್ನ ಎದುರಿಗೇ ಒತ್ತಿದ್ದಾರೆ.' ಈ ಮೂರು ವಾಕ್ಯಗಳಿಲ್ಲದ ಹೆಬ್ಬೆಟ್ಟು ಅಸಿಂಧು.

ಸಾಕ್ಷಿಯಾಗುವವರು ತಾವು ಇತ್ತೀಚೆಗೆ ಎಲ್ಲಿಯೂ ಹೆಬ್ಬೆಟ್ಟು ಒತ್ತಿರಬಾರದು. ಇಂಥವರಿಗಾಗಿ ಎಲ್ಲ ವಿಭಾಗಗಳಲ್ಲಿ ಹುಡುಕಲಾಗಿ, ಹಿಂದಿನ ಗೇಟಿನ ಕಾವಲುಗಾರರೊಬ್ಬರು ಮಾತ್ರ ಸಿಕ್ಕಿರುತ್ತಾರೆ. ಅವರದು ಗುಂಡಿ ಒತ್ತುವ ಹಳೆಯ ಫೋನು. ಸದರಿಯವರನ್ನು ವಿಶ್ವವಿದ್ಯಾಲಯದ ಅಧಿಕೃತ ಸಾಕ್ಷಿಯೆಂದು ನೇಮಿಸಿ ಗ್ರಂಥಾಲಯದ ಮೆಟ್ಟಿಲ ಬಳಿ ಕೂರಿಸಲಾಗಿದೆ. ಸರದಿ ಉದ್ದವಿರುವುದರಿಂದ ಅವರು ತಿರುಗುವ ಕುರ್ಚಿ ಕೇಳಿದ್ದು, ಬೇಡಿಕೆ ಪರಿಶೀಲನೆಯಲ್ಲಿದೆ. ಹಿಂದಿನ ಗೇಟು ಸದ್ಯ ದೇವರೇ ಗತಿ ಎಂಬ ಸ್ಥಿತಿಯಲ್ಲಿದೆ.

6. 'ಕೆ' ಬಗ್ಗೆ. ಗುಂಪಿನಲ್ಲಿ (ತಿದ್ದುಪಡಿ: ಚದುರಿದವರ ಪಟ್ಟಿಯಲ್ಲಿ) ಒಬ್ಬ ವಿದ್ಯಾರ್ಥಿಯು ಏನು ಕೇಳಿದರೂ 'ಕೆ' ಎಂಬ ಒಂದೇ ಅಕ್ಷರದಲ್ಲಿ ಉತ್ತರಿಸುವುದು ವಾಡಿಕೆ. ಆಯಿತು ಎಂಬರ್ಥದ ಇಂಗ್ಲಿಷ್ ಪದದ ತಲೆ ಕಡಿದು ಬಾಲ ಮಾತ್ರ ಉಳಿಸಿಕೊಂಡದ್ದು ಅದು ಎಂದು ಈ ಕಚೇರಿಗೆ ತಡವಾಗಿ ತಿಳಿಯಿತು. ದೊಡ್ಡ ಮೇಷ್ಟ್ರಿಗೆ ಅದೂ ತಿಳಿಯಲಿಲ್ಲ. ಮುಕ್ಕಾದ ಕಲ್ಲಿನಲ್ಲಿ ಕೊನೆಯ ಅಕ್ಷರ ಮಾತ್ರ ಉಳಿದಿದ್ದರೆ ಹಿಂದೆ ಅಳಿಸಿಹೋದವನ್ನು ಊಹಿಸಿ ತುಂಬುವುದು ಲಿಪಿಶಾಸ್ತ್ರದ ಪದ್ಧತಿ. ಅದರಂತೆ ಅವರು ಒಂದು ಭಾನುವಾರವಿಡೀ ಕುಳಿತು 'ಕಲಿಕೆ', 'ಬೇಡಿಕೆ', 'ನಂಬಿಕೆ', 'ಹೆದರಿಕೆ' ಎಂಬ ನಾಲ್ಕು ಪಾಠಾಂತರಗಳನ್ನು ಸಿದ್ಧಪಡಿಸಿ, ಹುಡುಗನ ಸ್ವಭಾವವನ್ನು ಗಮನಿಸಿ 'ಕಲಿಕೆ' ಎಂದು ನಿರ್ಧರಿಸಿ, ಅವನನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ಮೆಚ್ಚಿಕೊಂಡಿರುತ್ತಾರೆ. ಹುಡುಗನ ಸ್ವಭಾವವನ್ನು ಇನ್ನೂ ಹತ್ತಿರದಿಂದ ಬಲ್ಲ ಚಿಕ್ಕ ಮೇಡಂ ಅವರ ಅಭಿಪ್ರಾಯದಲ್ಲಿ ಅದು 'ಆಕಳಿಕೆ'.

ಆದ್ದರಿಂದ ಇನ್ನು ಮುಂದೆ 'ಕೆ' ಎಂದು ಬರೆಯುವವರು ಅದರ ಹಿಂದಿನ ಅಕ್ಷರಗಳನ್ನು ತಾವೇ ಬರೆಯತಕ್ಕದ್ದೆಂದು ಈಗಾಗಲೇ ಮೌಖಿಕವಾಗಿಯೂ, ಈಗ ಈ ಮೂಲಕವೂ ಸೂಚಿಸಲಾಗಿದೆ. ಸದರಿ ವಿದ್ಯಾರ್ಥಿಯು ಹಿಂದಿನ ಬಾಕಿಯನ್ನೂ ಸೇರಿಸಿ ಭರ್ತಿ ಮಾಡಿಕೊಡುವುದು.

7. ಹಳೆಯ ಹಸ್ತಪ್ರತಿಗಳ ಫೋಟೋಗಳ ಕೆಳಗೆ ಮೆಚ್ಚುಗೆಗಾಗಿ ಬೆಂಕಿಯ ಚಿತ್ರವನ್ನು ಹಾಕುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಹಿಂದೊಮ್ಮೆ ಹಾಗೆ ಹಾಕಿದಾಗ ಹಸ್ತಪ್ರತಿ ಭಂಡಾರದ ಮೇಲ್ವಿಚಾರಕರು ಅದನ್ನು ನೋಡಿ, ಎರಡು ಬಕೆಟ್ ನೀರು ಹಿಡಿದು ಭಂಡಾರಕ್ಕೆ ಓಡಿ, ಉರಿಯದಿದ್ದ ಕಟ್ಟುಗಳನ್ನೆಲ್ಲ ಆರಿಸಿರುತ್ತಾರೆ. ಒದ್ದೆಯಾದವು ಈಗ ತಾರಸಿಯ ಮೇಲೆ ಒಣಗುತ್ತಿದ್ದು, ಅತ್ತ ಕಾಗೆಗಳು ಬಾರದಂತೆ ನೋಡಿಕೊಳ್ಳಲು ಸಸ್ಯಶಾಸ್ತ್ರ ವಿಭಾಗಕ್ಕೆ ಸೂಚಿಸಲಾಗಿದೆ. ಕಾಗೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ಉತ್ತರಿಸಿದ್ದಾರೆ.

8. ಧ್ವನಿ ಸಂದೇಶದ ಮೂಲಕ ಪಾಠ ಹೇಳುವಾಗ ಬೋಧಕರು ಮನೆಯವರೆಲ್ಲರೂ ಮೌನದಿಂದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತಾಮ್ರದ ಹಾಳೆಯೊಂದರ ಪಾಠವನ್ನು ದೊಡ್ಡ ಮೇಷ್ಟ್ರು ಮನೆಯಲ್ಲಿ ಕುಳಿತು ಸಾಲುಸಾಲಾಗಿ ಓದಿ ಕಳುಹಿಸುತ್ತಿದ್ದಾಗ, ಎರಡನೆಯ ಸಾಲು ಮುಗಿದ ಕೂಡಲೇ ಅವರ ಶ್ರೀಮತಿಯವರು ಒಳಗಿನಿಂದ "ರೀ, ಹಾಲು ಉಕ್ತಿದೆ, ಸ್ವಲ್ಪ ಒಲೆ ಆರಿಸ್ತೀರಾ" ಎಂದಿರುತ್ತಾರೆ. ಕಿರುಪರೀಕ್ಷೆಯಲ್ಲಿ ಅರ್ಧ ತರಗತಿಯವರು ಇದನ್ನು ಮೂರನೆಯ ಸಾಲೆಂದು ಬರೆದಿದ್ದಾರೆ. ಇಬ್ಬರು ಅದರ ಆಧಾರದ ಮೇಲೆ ಆ ಕಾಲದಲ್ಲಿ ಹೈನುಗಾರಿಕೆ ಉಚ್ಛ್ರಾಯದಲ್ಲಿತ್ತೆಂದೂ, ರಾಣಿಯರ ಮಾತಿಗೆ ರಾಜರು ಬೆಲೆ ಕೊಡುತ್ತಿದ್ದರೆಂದೂ ವಾದಿಸಿದ್ದಾರೆ. ವಾದ ಚೆನ್ನಾಗಿದ್ದುದರಿಂದ ಅಂಕ ಕೊಡಲಾಗಿದೆ. ಇದು ಪೂರ್ವನಿದರ್ಶನವಾಗತಕ್ಕದ್ದಲ್ಲ.

9. ಕೈ ಮುಗಿದಿರುವ ಚಿತ್ರ: ಅನುಮತಿಸಲಾಗಿದೆ. ಅಳುತ್ತಾ ನಗುವ ಮುಖದ ಚಿತ್ರ: ಎರಡರಲ್ಲಿ ಯಾವುದನ್ನು ಮಾಡುತ್ತಿದ್ದೇವೆಂಬುದನ್ನು ಟಿಪ್ಪಣಿಯಲ್ಲಿ ನಮೂದಿಸತಕ್ಕದ್ದು.

10. ಓದಿದ ಸಂದೇಶದ ಪಕ್ಕ ಎರಡು ನೀಲಿ ಗೀಟು ಮೂಡುವುದನ್ನು ಹಾಜರಾತಿಯೆಂದು ಪರಿಗಣಿಸಲು ಬರುವುದಿಲ್ಲ. "ನೋಡಿದ್ದಾರೆ ಅಂತ ಗೀಟು ಬಂದಿದೆ. ನೋಡಿಯೂ ಬರೀಲಿಲ್ಲ. ನೋಡದೇ ಇದ್ದಿದ್ರೆ ನಂಗೆ ಇಷ್ಟು ಬೇಜಾರಾಗ್ತಿರಲಿಲ್ಲ" ಎಂದು ದೊಡ್ಡ ಮೇಷ್ಟ್ರು ಸಮಿತಿಯ ಮುಂದೆ ಹೇಳಿರುತ್ತಾರೆ. ವರದಿಯಲ್ಲಿ ಈ ಭಾಗವನ್ನು ಓದುವಾಗ ಅಧೋಸಹಿ ಮಾಡಿರುವವರಿಗೂ ಬೇಜಾರಾಗಿರುತ್ತದೆ.

ಅದೇ ಸಮಿತಿಯು ಹೊರಡುವಾಗ ಶ್ರೀಮತಿಯವರು ಗೇಟಿನವರೆಗೆ ಬಂದು ಹೇಳಿದ್ದನ್ನೂ ದಾಖಲಿಸಲಾಗಿದೆ: "ಓದೋದು ಬಿಟ್ಟಿದ್ದೀನಿ ಅಂತಾರೆ. ಬೆಳಗ್ಗೆಯಿಂದ ನನ್ನ ಅಡುಗೆಮನೆ ಡಬ್ಬಿಗಳ ಚೀಟಿಗಳನ್ನೆಲ್ಲ ಕಿತ್ತು ಕಾಗುಣಿತ ತಿದ್ದುತ್ತಾ ಕೂತಿದ್ದಾರೆ. ಉಪ್ಪು ಯಾವುದು, ಸಕ್ಕರೆ ಯಾವುದು ಒಂದೂ ಗೊತ್ತಾಗ್ತಿಲ್ಲ. ಏನಾದರೂ ಮಾಡಿ ಬೇಗ ಕರ್ಕೊಂಡು ಹೋಗಿ." ಸಮಿತಿ ಕುಡಿದ ಚಹಾದ ರುಚಿಯು ಈ ಹೇಳಿಕೆಯನ್ನು ಸಮರ್ಥಿಸುತ್ತದೆ.

11. ಗುರುವಿಗೆ ಹೆಬ್ಬೆರಳು ಕೊಡುವುದು ಹಿಂದಿನಿಂದಲೂ ಇದೆ, ತಾವು ಕೊಟ್ಟಿದ್ದೂ ಅದನ್ನೇ ಎಂದು ವಿದ್ಯಾರ್ಥಿ ಸಂಘದವರು ಮನವಿ ಸಲ್ಲಿಸಿದ್ದಾರೆ. ಹಾಗೆ ಕೊಟ್ಟ ಹಿಂದಿನವನು ನಿಜವಾದದ್ದನ್ನು ಕೊಟ್ಟಿದ್ದನೆಂಬ ಕಾರಣಕ್ಕೆ ಮನವಿಯನ್ನು ತಿರಸ್ಕರಿಸಲಾಗಿದೆ.

12. ಮೊದಲ ಹೆಬ್ಬೆಟ್ಟು ಯಾರದೆಂಬ ಬಗ್ಗೆ ತನಿಖೆ ಪೂರ್ಣಗೊಂಡಿದೆ. ಅದು ಚಿಕ್ಕ ಮೇಡಂ ಅವರದು. ಇವರು ದೊಡ್ಡ ಮೇಷ್ಟ್ರ ಹಳೆಯ ವಿದ್ಯಾರ್ಥಿನಿಯೂ ಆಗಿರುತ್ತಾರೆ. ಸದರಿಯವರ ಮೇಲೆ ಕ್ರಮ ಕೈಗೊಳ್ಳಲು ಕಡತ ತೆರೆಯಲಾಗಿತ್ತು. ಆದರೆ ಅವರು ಈ ಕಚೇರಿಗೆ ಬಂದು, ಕೂರಿ ಎಂದರೂ ಕೂರದೆ, ನಿಂತೇ ಅತ್ತ ಕಾರಣ ಕಡತ ಮುಚ್ಚಲಾಗಿದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವ ಅಭ್ಯಾಸ ಈ ಕಚೇರಿಗೆ ಇದ್ದರೂ ಅಂದು ಬಿಡಲು ಮನಸ್ಸಾಗಲಿಲ್ಲ.

13. ಇನ್ನು ಮುಖ್ಯ ವಿಷಯ. ಹೆಬ್ಬೆಟ್ಟು ಒತ್ತಿದ ಪ್ರತಿಯೊಬ್ಬರೂ, ಆ ದಿನ ಕೇಳಲಾಗಿದ್ದ ಎರಡು ಮಾತುಗಳನ್ನು ತಮ್ಮ ಸ್ವಂತ ಕೈಬರಹದಲ್ಲಿ, ಕಾಗದದ ಮೇಲೆ, ಯಾವುದೇ ಚಿತ್ರಗಳಿಲ್ಲದೆ ಬರೆದು ಸಲ್ಲಿಸತಕ್ಕದ್ದೆಂದು ಮೌಖಿಕವಾಗಿ ಆದೇಶಿಸಲಾಗಿತ್ತು. ಒಂದು ಕಚೇರಿಯ ಹೊರತು ಎಲ್ಲರೂ ಸಲ್ಲಿಸಿರುತ್ತಾರೆ. ಅಕ್ಷರ ನೋಡಿದರೆ ಕಾಗೆ ಕಾಲು ಗುಬ್ಬಿ ಕಾಲು. ಆದರೂ ಓದಲು ಬರುತ್ತದೆ. ಕೆಲವನ್ನು ದೊಡ್ಡ ಮೇಷ್ಟ್ರ ಅವಗಾಹನೆಗಾಗಿ ಇಲ್ಲಿ ಯಥಾವತ್ತಾಗಿ ನೀಡಲಾಗಿದೆ.

(ಅ) ಚಿಕ್ಕ ಮೇಡಂ: "ಸರ್, ಬಸ್ಸಲ್ಲಿ ನಿಂತಿದ್ದೆ. ನಿಮ್ಮ ಸಂದೇಶ ಓದಿ ಕಣ್ಣು ತುಂಬ್ತು. ಮನೆಗೆ ಹೋಗಿ ಸಮಾಧಾನವಾಗಿ ದೊಡ್ಡದಾಗಿ ಬರೀಬೇಕು, ಅಲ್ಲೀವರೆಗೆ ನೋಡಿದ್ದೀನಿ ಅಂತ ಗೊತ್ತಾಗ್ಲಿ ಅಂತ ಒತ್ತಿದೆ. ಮನೆಗೆ ಹೋಗಿ ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ನಿಮ್ಮ ಹತ್ರ ಕಲಿತವಳು ನಿಮಗೆ ಬರೆಯೋ ಕಾಗದದಲ್ಲಿ ತಪ್ಪು ಮಾಡಬಾರದಲ್ಲ ಸರ್."

(ಆ) ಮುಂದಿನ ಬೆಂಚಿನ ವಿದ್ಯಾರ್ಥಿನಿ: "ಮೇಡಮ್ಮೇ ಒತ್ತಿದ್ದಾರೆ ಅಂತ ನಾನೂ ಒತ್ತಿದೆ ಸರ್. ನಮ್ಮಜ್ಜಿ ಬರೆದ ಹಳೇ ಕಾಗದಗಳು ಮನೇಲಿದ್ವು, ಅಪ್ಪಂಗೂ ಓದೋಕೆ ಬರ್ತಿರಲಿಲ್ಲ. ಆ ಗೀಚು ಓದೋದನ್ನ ನೀವು ಕಲಿಸಿದ ಮೇಲೆ ನಾನು ಓದಿ ಹೇಳಿದೆ. ಅದರಲ್ಲಿ ಅರ್ಧ ಬರೀ ಬೈಗುಳ. ಅಪ್ಪ ಕಣ್ಣೊರೆಸಿಕೊಂಡು ನಕ್ಕರು."

(ಇ) ಕಿಟಕಿ ಪಕ್ಕದ ವಿದ್ಯಾರ್ಥಿ: "ನೀವು ಹೋಗ್ತೀರಿ ಅಂದ್ರೆ ಏನು ಬರೀಬೇಕು ಅಂತಾನೇ ತೋಚಲಿಲ್ಲ. ಸುಮ್ನಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಒತ್ತಿದೆ. ಒತ್ತಿದ್ದಕ್ಕೇ ಬೇಜಾರಾಯ್ತು ಅಂತ ಆಮೇಲೆ ಗೊತ್ತಾಯ್ತು."

(ಈ) ನಿಯಮ 6ರಲ್ಲಿ ಹೇಳಲಾದ ವಿದ್ಯಾರ್ಥಿ: "ಸರ್, ಆ 'ಕೆ' ಹಿಂದೆ ನಿಜವಾಗಿ ಏನೂ ಇರಲಿಲ್ಲ. ಕಲಿಕೆ ಅಂತ ನೀವೇ ಹಾಕ್ಕೊಂಡ್ರಿ. ಅವತ್ತು ಎಲ್ಲರ ಮುಂದೆ ನಿಲ್ಲಿಸಿ ಹೊಗಳಿದ್ರಲ್ಲ, ನಂಗೆ ಅದಕ್ಕೆ ಮುಂಚೆ ಯಾರೂ ಹಂಗೆ ಹೊಗಳಿರಲಿಲ್ಲ, ಅದಕ್ಕೆ ಸುಮ್ನಿದ್ದೆ. ಈಗ ಹಿಂದಿನ ಅಕ್ಷರ ತುಂಬು ಅಂತ ಆಫೀಸಿನವರು ಹೇಳ್ತಿದ್ದಾರೆ. ತುಂಬ್ತೀನಿ. 'ಯಾಕೆ'. ಯಾಕೆ ಬರ್ತಿಲ್ಲ ಸರ್?"

(ಉ) ಕುಲಪತಿಗಳ ಕಚೇರಿ: ಎರಡು ಮಾತುಗಳನ್ನು ಬರೆಯುವ ಬಗ್ಗೆ ಕರಡು ಸಿದ್ಧವಾಗುತ್ತಿದೆ ಎಂದು ತಿಳಿಸಿದ್ದಾರೆ.

14. ಬಾಕಿ ಉಳಿದಿರುವ ಕೊನೆಯ ಘಟಕದ ಹೆಸರನ್ನು ಈ ಕಚೇರಿಯು ಪಠ್ಯಕ್ರಮದ ಪುಸ್ತಕ ತೆರೆದು ನೋಡಲಾಗಿ, ಅದು 'ಸಹಿ, ಮುದ್ರೆ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಓದುವುದು' ಎಂದಿರುವುದು ಗಮನಕ್ಕೆ ಬಂದಿದೆ. ಅಂದರೆ ಹೆಬ್ಬೆಟ್ಟನ್ನೂ ಓದಬಹುದೆಂದು, ಅದರ ಹಿಂದೆಯೂ ಒಬ್ಬ ಮನುಷ್ಯ ಹೇಳಲು ಬಾರದೆ ನಿಂತಿರುತ್ತಾನೆಂದು ಇಡೀ ವಿಶ್ವವಿದ್ಯಾಲಯದಲ್ಲಿ ಬಲ್ಲವರು ಒಬ್ಬರೇ. ಅವರೇ ಅದನ್ನು ಓದದೆ ಎದ್ದುಹೋದದ್ದು ಪಠ್ಯಕ್ರಮಕ್ಕೆ ವಿರುದ್ಧವಾಗಿದೆ ಎಂದು ಸವಿನಯವಾಗಿ ಅಭಿಪ್ರಾಯಪಡಲಾಗಿದೆ.

15. ಆದ್ದರಿಂದ ಸದರಿ ಪಾಠವನ್ನು ನಾಳೆ ಬೆಳಗ್ಗೆ ಮೊದಲ ಅವಧಿಯಲ್ಲಿ ಎಂದಿನ ಕೊಠಡಿಯಲ್ಲಿ ನಿಗದಿಪಡಿಸಲಾಗಿದೆ. ಕಪ್ಪು ಹಲಗೆಯನ್ನು ಒರೆಸಿ, ಮುರಿಯದ ಸೀಮೆಸುಣ್ಣ ಇಡುವಂತೆ ಪಕ್ಕದ ಉಗ್ರಾಣಕ್ಕೆ ಸೂಚಿಸಲಾಗಿದೆ. ಬೀಗದ ಕೈ ಹಾಗೂ ಭೂತಗನ್ನಡಿಯನ್ನು ಅಧೋಸಹಿ ಮಾಡಿರುವವರು ತಮ್ಮ ಕೈಯಾರೆ ವಿಭಾಗದ ಅದೇ ಬೀರುವಿನ ಬಳಿ ಇಟ್ಟುಬಂದಿರುತ್ತಾರೆ.

16. ದೊಡ್ಡ ಮೇಷ್ಟ್ರು ಬಾರದಿದ್ದಲ್ಲಿ, ಇಡೀ ತರಗತಿಯನ್ನು ಬೆಂಚುಗಳ ಸಮೇತ ಅವರ ಮನೆಯ ಮುಂಗೋಣೆಗೆ ಸ್ಥಳಾಂತರಿಸಲಾಗುವುದು. ಶ್ರೀಮತಿಯವರ ಪೂರ್ವಾನುಮತಿ ಪಡೆಯಲಾಗಿದೆ. "ಬರ್ಲಿ, ಆದ್ರೆ ಚಪ್ಪಲಿ ಹೊರಗೆ ಬಿಡ್ಲಿ, ಬೆಂಚು ಎಳೆದು ನೆಲ ಗೀಚಬೇಡಿ" ಎಂಬ ಷರತ್ತುಗಳನ್ನು ಪಾಲಿಸತಕ್ಕದ್ದು.

17. ಈ ಸುತ್ತೋಲೆಯನ್ನು ಓದಿದವರು ಇದರ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಪರಿಣಾಮ ನೆಟ್ಟಗಿರುವುದಿಲ್ಲ.

ಮೇಲಿನ ನಿಯಮಗಳು ಕೂಡಲೇ ಜಾರಿಗೆ ಬರುತ್ತವೆ. ದೊಡ್ಡ ಮೇಷ್ಟ್ರು ತರಗತಿಯ ಬಾಗಿಲು ದಾಟಿದ ಕ್ಷಣದಿಂದ ರದ್ದಾಗುತ್ತವೆ.

(ಸಹಿ ಇದೆ, ಹೆಬ್ಬೆಟ್ಟಲ್ಲ)
ಉಪ ಕುಲಸಚಿವರು
ಪೂರಕ ಬೋಧನಾ ಸಾಧನಗಳ ಶಾಖೆ

ಪ್ರತಿಗಳು:
1. ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ, 'ಪಾಲಿಸಲಾಗಿದೆ' ಎಂದು ಬರೆಯುವ ಮುನ್ನ ಒಮ್ಮೆ ಓದುವುದಕ್ಕಾಗಿ.
2. ಅಂಗರಚನಾಶಾಸ್ತ್ರ ವಿಭಾಗಕ್ಕೆ, ಎಡಬಣಕ್ಕೊಂದು, ಬಲಬಣಕ್ಕೊಂದು.
3. ಹಸ್ತಪ್ರತಿ ಭಂಡಾರದ ಮೇಲ್ವಿಚಾರಕರಿಗೆ, ಬಕೆಟ್ ಹಿಂದಿರುಗಿಸುವ ಕೋರಿಕೆಯೊಂದಿಗೆ.
4. ಹಿಂದಿನ ಗೇಟಿನ ಕಾವಲುಗಾರರಿಗೆ. ಕುರ್ಚಿ ಮಂಜೂರಾಗಿದೆ. ತಿರುಗುವುದಿಲ್ಲ.
5. ಆರೋಗ್ಯ ಕೇಂದ್ರಕ್ಕೆ.
6. ದೊಡ್ಡ ಮೇಷ್ಟ್ರಿಗೆ, ಅವರ ಶ್ರೀಮತಿಯವರ ಮುಖಾಂತರ. ಸದರಿಯವರು ಓದುವುದನ್ನು ನಿಲ್ಲಿಸಿರುವುದರಿಂದ ದಯಮಾಡಿ ಓದಿ ಹೇಳುವುದು. ನಿಯಮ 13ನ್ನು ನಿಧಾನವಾಗಿ ಓದುವುದು.
7. ಕಚೇರಿ ಪ್ರತಿ.

ಷರಾ (ಕಚೇರಿ ಪ್ರತಿಯ ಮೇಲೆ, ಅದೇ ಸಂಜೆ ಬರೆದದ್ದು):

ಕ್ರಮ ಸಂಖ್ಯೆ 6ರ ಪ್ರತಿಯು ವಾಪಸು ಬಂದಿರುತ್ತದೆ. ಸ್ವೀಕೃತಿಯ ಜಾಗದಲ್ಲಿ ಸಹಿ ಇಲ್ಲ. ನೀಲಿ ಶಾಯಿಯಲ್ಲಿ ಒತ್ತಿದ ಒಂದು ಹೆಬ್ಬೆಟ್ಟು ಇದೆ, ನಿಜವಾದದ್ದು. ಅದರ ಕೆಳಗೆ ನಿಯಮ 5ರಂತೆ ಶ್ರೀಮತಿಯವರು ತಮ್ಮ ಕೈಯಾರೆ ಬರೆದಿರುತ್ತಾರೆ: 'ಓದಿ ಹೇಳಿದ್ದೇನೆ. ಮಕ್ಕಳ ಮಾತುಗಳನ್ನು ಎರಡು ಸಲ ಓದಿಸಿಕೊಂಡರು. ಅರ್ಥವಾಗಿದೆ. ನನ್ನ ಎದುರಿಗೇ ಒತ್ತಿದ್ದಾರೆ. ಬೆರಳು ಒರೆಸಿಕೊಳ್ಳದೆ ನಾಳೆಗೆ ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದಾರೆ. ಬಟ್ಟೆ ಬೀರುವಿಗೆಲ್ಲ ಶಾಯಿ.'

ಪ್ರತಿಯನ್ನು ತಿರುವಿ ನೋಡಲಾಗಿ, ಈ ಕಚೇರಿಯ ಕಾಗುಣಿತದ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿರುವುದು ಕಂಡುಬಂದಿದೆ. ನಿಯಮ 13(ಈ)ಯಲ್ಲಿನ 'ಯಾಕೆ' ಎಂಬ ಪದದ ಪಕ್ಕ ಸರಿ ಗುರುತು ಹಾಕಿ ಹತ್ತಕ್ಕೆ ಹತ್ತು ಕೊಡಲಾಗಿದೆ.

ಓದು ಬರಹ ಬಿಟ್ಟವರು ಇಷ್ಟನ್ನು ತಿದ್ದಿದ್ದು ಹೇಗೆಂದು ವಿವರಣೆ ಕೇಳತಕ್ಕದ್ದಲ್ಲ. ಹೆಬ್ಬೆಟ್ಟು ಎಡಗೈಯದೋ ಬಲಗೈಯದೋ ಎಂದೂ ನೋಡತಕ್ಕದ್ದಲ್ಲ. ಬೆಳಗ್ಗೆ ಬೇಗ ಕೊಠಡಿ ತೆರೆದಿಡುವುದು.